ಗವಸಣ್ಣನ ಗಾಡಿ ಗುಡ್ಡ ಹತ್ತಿದ್ದು

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಗವಸಣ್ಣ. ಬೈಕುಗಳ ಸೀಟಿಗೆ ಗವಸು ಹೊಲಿಯುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ನೆಲದ ತುಂಬ ಸ್ಪಂಜಿನ ಚೂರು. ಕಸುಬು ಅಲ್ಲಿಗೇ ನಿಲ್ಲದೆ ಮನೆಯೊಳಗೂ ಬಂದಿತ್ತು. ಮಿಕ್ಸಿಗೆ ಗವಸು, ಗ್ಯಾಸ್ ಸಿಲಿಂಡರಿಗೆ ಗವಸು, ಟಿವಿಯ ರಿಮೋಟಿಗೂ ಗವಸು. ಒಂದೇ ಕಡೆ ಸುಮ್ಮನೆ ಕೂತರೆ ನಮಗೂ ಹೊಲಿದುಬಿಡುತ್ತಾನೆ ಎಂದು ಅವನ ಹೆಂಡತಿ ನಗುತ್ತಿದ್ದಳು. ಹಾಗೆಂದು ನಮ್ಮ ಮನೆಯಲ್ಲಿ ವಸ್ತು ಹಾಳಾದದ್ದು ಕಡಿಮೆ. ನನ್ನ ಯಜಮಾನರು ಬಿಟ್ಟುಹೋದ ಬೈಕು ಇಷ್ಟು ವರ್ಷವಾದರೂ ಮಿರಿಮಿರಿ ಎನ್ನುವುದು ಅವನ ಕೈಗುಣ.

ಓರಗಿತ್ತಿ ತಲೆ ನರೆಯತೊಡಗಿದ ಮೇಲೆ ಮೊದಲ ಸಲ ಕೆಲಸಕ್ಕೆ ಸೇರಿದಳು. ಗುಡ್ಡದ ಮೇಲಿನ ಆಸ್ಪತ್ರೆಯ ಅಡುಗೆಮನೆ. ರೋಗಿಗಳ ಹಾಲು ಬೆಳಕು ಹರಿಯುವ ಮೊದಲೇ ಒಲೆಯ ಮೇಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಗಂಡನೇ ಬೈಕಿನಲ್ಲಿ ಬಿಡಬೇಕು. ಕೆಳಗಿನ ರಸ್ತೆಯಲ್ಲಿ ಬೈಕು ಕುದುರೆಯ ಹಾಗೆ ಹೋಗುತ್ತಿತ್ತು. ಏರು ಅರ್ಧ ಹತ್ತುವಷ್ಟರಲ್ಲಿ ಇಂಜಿನ್ನು ಕಾದು, ಟಕಟಕ ಬಡಿದುಕೊಂಡು, ಮೊಂಡು ಹಿಡಿದು ನಿಂತುಬಿಡುತ್ತಿತ್ತು. ಅದು ಆರಿದ ಮೇಲೆಯೇ ಮುಂದಿನ ಮಾತು. ಹೀಗೆ ತಡವಾಗಿ ತಡವಾಗಿ, ಹಿರಿಯ ಅಡುಗೆಯವಳು ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿದಳು.

"ನಿನ್ನ ಕೈ ಚೆನ್ನಾಗಿದೆ ಕಣಮ್ಮ, ಕಾಲು ಸರಿಯಿಲ್ಲ. ಈ ತಿಂಗಳು ನೋಡ್ತೀನಿ. ಆಮೇಲೂ ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಅವಳು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಂಗಡಿಯಲ್ಲೇ ಕೂತಳು.

"ಈ ಗಾಡಿ ಕೊಟ್ಟುಬಿಡೋಣ ರೀ."

"ಅಣ್ಣನ ಗಾಡಿ ಕಣೇ ಅದು."

"ಕೆಲಸ ನಂದು."

ಮೈದುನ ಎದ್ದ. ಬೈಕು ತಳ್ಳಿಕೊಂಡು ತಿರುವಿನ ಗ್ಯಾರೇಜಿಗೆ ಹೋದ. ಅಲ್ಲಿನ ಮೇಸ್ತ್ರಿ ಅವನ ಹಳೆಯ ಗೆಳೆಯ. ಎಲ್ಲ ಬಿಚ್ಚಿ ನೋಡಿ ಮೇಸ್ತ್ರಿ ಹೇಳಿದ: "ಇಂಜಿನ್ನಿಗೆ ವಯಸ್ಸಾಗಿದೆ, ಕೆಟ್ಟಿಲ್ಲ. ಇದನ್ನ ತಣ್ಣಗಿಡೋದು ಎದುರುಗಾಳಿ ಒಂದೇ. ಇಬ್ಬರನ್ನ ಹೊತ್ಕೊಂಡು ಏರಲ್ಲಿ ತೆವಳೋವಾಗ ಗಾಳಿ ಎಲ್ಲಿಂದ ಬರ್ಬೇಕು? ಆಯಿಲ್ ಕಾದು ನೀರಾಗಿಬಿಡುತ್ತೆ. ಒಂದು ಆಯಿಲ್ ಕೂಲರ್ ಹಾಕೋಣ. ಕಂಪನಿಯವ್ರು ಈ ಗಾಡಿಗೆ ಕೊಟ್ಟಿಲ್ಲ, ಹೊರಗಡೆ ಸಿಗುತ್ತೆ."

"ಹಾಕಿದ್ರೆ ಹತ್ತುತ್ತಾ?"

"ಹತ್ತದಿದ್ರೆ ನಿನ್ನ ಹೆಂಡ್ತೀನ ನಾನೇ ಹೊತ್ಕೊಂಡು ಹೋಗಿ ಬಿಡ್ತೀನಿ."

"ಅವಳ ಮುಂದೆ ಈ ಮಾತು ಆಡ್ಬೇಡ. ನಾಳೇನೇ ಬಂದು ನಿಲ್ತಾಳೆ."

ಕೂಲರ್ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡ ಜಾಲರಿ, ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ತೆಳು ತಗಡು. ಇಂಜಿನ್ನಿನ ಬಿಸಿ ಆಯಿಲ್ ಒಂದು ಪೈಪಿನಲ್ಲಿ ಅದರೊಳಗೆ ಬಂದು, ಗಾಳಿಗೆ ಆರಿ, ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ಮೇಸ್ತ್ರಿ ಅದನ್ನು ಇಂಜಿನ್ನಿನ ಮುಂದೆ, ಚಾಸಿಯ ಕೊಳವೆಗೆ ರಬ್ಬರು ಕೊಟ್ಟು ಬಿಗಿದ. ಪೈಪುಗಳು ಸೈಲೆನ್ಸರಿಗೆ ತಾಗದ ಹಾಗೆ ಸುತ್ತಿ ತಂದ. ಹ್ಯಾಂಡಲ್ಲನ್ನು ಆ ಕೊನೆಗೂ ಈ ಕೊನೆಗೂ ತಿರುಗಿಸಿ, ಮುಂದಿನ ಚಕ್ರವನ್ನು ಒತ್ತಿ ಕುಣಿಸಿ, ಎಲ್ಲಿಯೂ ಜಗ್ಗುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದ. ಹಳೆಯ ತಾಮ್ರದ ವಾಷರು ಎಸೆದು ಹೊಸದು ಹಾಕಿದ. ಇಂಜಿನ್ನು ಓಡಿಸಿ ನಿಲ್ಲಿಸಿದಾಗ ಆಯಿಲ್ ಮಟ್ಟ ಇಳಿದಿತ್ತು. ಜಾಲರಿ ಕುಡಿದಷ್ಟನ್ನು ಮತ್ತೆ ಸುರಿದ.

ಮರುದಿನ ಬೈಕು ಎಲ್ಲಿಯೂ ನಿಲ್ಲದೆ ಗುಡ್ಡ ಹತ್ತಿತು. ಮೈದುನ ಬಂದು, "ಅತ್ತಿಗೆ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಹೋಯ್ತು" ಎಂದ. ಅದರ ಮರುದಿನವೂ ಹಾಗೆಯೇ.

ಮೂರನೆಯ ದಿನ ಏರಿನಲ್ಲಿ ಮತ್ತೆ ಟಕಟಕ.

ಗ್ಯಾರೇಜಿಗೆ ಒಯ್ದರೆ ಮೇಸ್ತ್ರಿ ಪೈಪು ಮುಟ್ಟಿ ನೋಡಿದ, ಆಯಿಲ್ ನೋಡಿದ, ತಾನೇ ಗುಡ್ಡ ಹತ್ತಿಸಿಕೊಂಡು ಬಂದ. ಕುಂದೇ ಇಲ್ಲ. "ಗಾಡಿ ಸರಿಯಾಗಿದೆ. ನೀನು ಓಡಿಸೋದೇ ಸರಿಯಿಲ್ವೇನೋ" ಎಂದ. ಬೆಳಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟರೆ ಮತ್ತೆ ಅದೇ ಕಥೆ. ಇನ್ನೊಮ್ಮೆ ಒಯ್ದ, ಇನ್ನೊಮ್ಮೆ ಕುಂದಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಓರಗಿತ್ತಿ ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು.

ಆಮೇಲೊಂದು ದಿನ ನಸುಕಿಗಿಂತ ಎಷ್ಟೋ ಮೊದಲೇ ಇಬ್ಬರೂ ಹೊರಟರು. ದಾರಿಯಲ್ಲಿ ಆರಿಸಿಕೊಳ್ಳಲು ಹೊತ್ತಿರಲಿ ಎಂದು. ಅರ್ಧ ಏರಿನಲ್ಲಿ ಬಡಿತ ಶುರುವಾಗಿ ನಿಲ್ಲಿಸಿದರು. ಓರಗಿತ್ತಿ ಟಾರ್ಚು ಹಿಡಿದಳು. ಮೈದುನ ಬಗ್ಗಿ ಕೂಲರಿನ ಗುಂಡಿ ಬಿಚ್ಚಿ, ಗವಸು ತೆಗೆದು, ಜಾಲರಿ ನೋಡಿದ, ಪೈಪಿನ ಬುಡ ನೋಡಿದ. ಸೋರಿಕೆ ಇಲ್ಲ. ಗವಸು ಹಾಕಿ ಮತ್ತೆ ಗುಂಡಿ ಹಾಕತೊಡಗಿದ.

"ಅದೇನ್ರೀ ಅದು?"

"ಗವಸು. ಎರಡನೇ ದಿನಾನೇ ಕೆಸರು ಸಿಡಿದು ಕೊಳೆಯಾಗಿತ್ತು. ಸಂಜೆ ಕೂತು ಹೊಲಿದೆ."

"ಗ್ಯಾರೇಜಲ್ಲೂ ಇತ್ತಾ ಇದು?"

"ಮೇಸ್ತ್ರಿ ನೋಡ್ಬೇಕಲ್ಲ, ಬಿಚ್ಚಿ ಜೇಬಲ್ಲಿಟ್ಕೊಂಡಿದ್ದೆ."

ಅವಳು ಟಾರ್ಚನ್ನು ಅವನ ಮುಖಕ್ಕೇ ಹಿಡಿದಳಂತೆ.

"ಕುದ್ದ ಹಾಲು ಆರಲಿ ಅಂತ ಇಟ್ಟು, ಅದಕ್ಕೆ ಯಾರಾದ್ರೂ ಕಂಬಳಿ ಹೊದಿಸ್ತಾರೇನ್ರೀ?"

ಮೈದುನನ ಕೈ ಗುಂಡಿಯ ಮೇಲೆಯೇ ನಿಂತಿತು. "ಅಂಚಿಗೆಲ್ಲ ಪಟ್ಟಿ ಮಡಿಸಿ ಪೈಪಿಂಗ್ ಹೊಲಿದಿದ್ದೆ ಕಣೇ" ಎಂದ, ತುಂಬ ಮೆಲ್ಲಗೆ.

"ಚೆನ್ನಾಗೇ ಇದೆ. ಬೇಕಾದ್ರೆ ನಾನು ತಲೆಗೆ ಹಾಕ್ಕೋತೀನಿ. ಗಾಡಿಗೆ ಬೇಡ."

ಇಂಜಿನ್ನು ಆರುವವರೆಗೆ ಇಬ್ಬರೂ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ನಕ್ಕಿದ್ದಾರೆ. ಆಮೇಲೆ ಹೊರಟ ಬೈಕು ಆಸ್ಪತ್ರೆಯ ಗೇಟಿನ ಮುಂದೆಯೇ ನಿಂತದ್ದು. ಹಿರಿಯ ಅಡುಗೆಯವಳು ಬರುವಾಗ ಒಲೆ ಹೊತ್ತಿತ್ತು, ಪಾತ್ರೆ ಏರಿತ್ತು. ಅವಳು ಕಿಟಕಿಯ ಕಡೆ ನೋಡಿ, "ಸೂರ್ಯ ಇವತ್ತು ಯಾವ ಕಡೆ ಹುಟ್ತಾನೋ" ಎಂದಳಂತೆ.

ಅಂದಿನಿಂದ ಬೈಕು ಒಂದು ದಿನವೂ ನಡುದಾರಿಯಲ್ಲಿ ಕೈಕೊಟ್ಟಿಲ್ಲ. ಜಾಲರಿಗೆ ಕೆಸರು ಹಿಡಿದರೆ ಮೈದುನ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾನೆ. ತಿಂಗಳು ಮುಗಿದ ದಿನ ಓರಗಿತ್ತಿ ಹೆದರುತ್ತಲೇ ಹಿರಿಯಳ ಮುಂದೆ ಹೋಗಿ ನಿಂತಳು. ಅವಳು ಉಗ್ರಾಣದ ಬೀಗದಕೈ ತೆಗೆದು ಇವಳ ಕೈಗಿಟ್ಟು, "ಮೊದಲು ಬರೋಳು ನೀನು. ನಿನ್ನ ಹತ್ರಾನೇ ಇರ್ಲಿ" ಎಂದಳು.

ಮನೆಗೆ ತಂದ ಬೀಗದಕೈಯನ್ನು ಎಲ್ಲಿಡುವುದೆಂದೇ ಅವಳಿಗೆ ತೋಚಲಿಲ್ಲ. ಮೊಳೆಗೆ ತಗುಲಿಸಿದಳು, ತೆಗೆದಳು, ಡಬ್ಬಿಯಲ್ಲಿಟ್ಟಳು, ತೆಗೆದಳು. ಕೊನೆಗೆ ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು.