ಒಂದು ಕಾರ್ಡಿಗೆ ಒಂದೇ ಸೀಟು

ನನ್ನ ನೆಗೆಣ್ಣಿಯ ಮಗಳಿಗೆ ಆರುನೂರಾ ಒಂದು, ನನ್ನ ಮಗನಿಗೆ ಐನೂರಾ ತೊಂಬತ್ತೆಂಟು. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಈ ಎರಡು ಸಂಖ್ಯೆಗಳನ್ನು ನನ್ನ ಬಾಯಿಂದಲೇ ಎಷ್ಟು ಸಲ ಹೇಳಿಸಿದರೆಂದರೆ, ಸಂಜೆಯ ಹೊತ್ತಿಗೆ ಯಾರಾದರೂ ಗಿರಣಿಯ ಮೆಟ್ಟಿಲು ಹತ್ತಿದರೆ ಸಾಕು, ನನಗೆ ಸಿಟ್ಟು ಬರುತ್ತಿತ್ತು.

ನರಗುಂದದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ನನ್ನ ಯಜಮಾನರು ಮತ್ತು ಮೈದುನ ಸೇರಿ ನಡೆಸುತ್ತಾರೆ. ತಕ್ಕಡಿಯ ಹತ್ತಿರ ಕೂರುವುದು ನನ್ನ ಕೆಲಸ, ಮನೆ ನೋಡಿಕೊಳ್ಳುವುದು ನೆಗೆಣ್ಣಿಯ ಕೆಲಸ. ಜೋಳ ಬೀಸಿಸಲು ಬರುವ ಹೆಂಗಸರಿಗೆ ಹಿಟ್ಟು ಬೀಳುವವರೆಗೂ ಬೇರೆ ಉದ್ಯೋಗವಿಲ್ಲ, ಆದ್ದರಿಂದ ಊರಿನ ಸುದ್ದಿಯೆಲ್ಲ ನನ್ನ ತಕ್ಕಡಿಯ ಮುಂದೆಯೇ ತೂಗುತ್ತದೆ. ಆ ದಿನ ಎಲ್ಲರದೂ ಒಂದೇ ಪ್ರಶ್ನೆ.

"ಮಗಂದು ಎಷ್ಟಾತ್ರಿ?"

"ಐನೂರಾ ತೊಂಬತ್ತೆಂಟ್ರಿ."

"ಭಾಳ ಚಲೋ ಆತ್ ಬಿಡ್ರಿ. ಮತ್ತ ನಿಮ್ಮ ಮೈದುನರ ಮಗಳದು?"

ಆ ಎರಡನೆಯ ಪ್ರಶ್ನೆ ಕೇಳದೆ ಹೋದ ಒಬ್ಬ ಹೆಂಗಸೂ ನರಗುಂದದಲ್ಲಿ ಇರಲಿಲ್ಲ. ನಾನು ಹಲ್ಲು ಕಿರಿದು "ಆರುನೂರಾ ಒಂದು" ಅನ್ನುತ್ತಿದ್ದೆ. ಅವರು ಹುಬ್ಬು ಏರಿಸುತ್ತಿದ್ದರು. ಒಬ್ಬ ಮುದುಕಿಯಂತೂ "ಆರುನೂರು ದಾಟಿತೇನ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ಅಭಿನಂದಿಸಿದಳು. ಅವಳ ಹಿಟ್ಟಿನಲ್ಲಿ ಮರಳು ಬೆರೆಸಬೇಕು ಅನ್ನಿಸಿತು.

ಐನೂರಾ ತೊಂಬತ್ತೆಂಟು ಏನು ಕಡಿಮೆಯೇ? ನಮ್ಮ ಮನೆತನದಲ್ಲಿ ಅಷ್ಟು ಅಂಕ ಕಂಡವರು ಹಿಂದೆ ಯಾರೂ ಇಲ್ಲ. ಬೇರೆ ಮನೆಯಲ್ಲಿ ಹುಟ್ಟಿದ್ದರೆ ನನ್ನ ಮಗನ ಫೋಟೋ ಓಣಿಯ ಬಾಯಲ್ಲಿ ಬ್ಯಾನರ್ ಆಗಿ ನೇತಾಡುತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ವರ್ಷ, ಎರಡು ತಿಂಗಳ ಅಂತರದಲ್ಲಿ ಆ ಹುಡುಗಿಯೂ ಹುಟ್ಟಿದಳು. ಇವನು ನಡೆಯಲು ಕಲಿಯುವಾಗ ಅವಳು ಓಡುತ್ತಿದ್ದಳು.

ನೆಗೆಣ್ಣಿಯ ವಿಷಯ ಹೇಳಬೇಕು. ಆಕೆ ಒಂದೇ ಒಂದು ಸಲ ಬಾಯಿ ಬಿಟ್ಟು ಜಂಬದ ಮಾತಾಡಿದ್ದರೆ ನಾನು ಜಗಳ ತೆಗೆದು ಹಗುರಾಗುತ್ತಿದ್ದೆ. ಆಕೆ ಹಾಗೆ ಮಾಡುವವಳಲ್ಲ. ಪೇಢೆ ತರಿಸಿದಾಗಲೂ ಮೊದಲು ನನ್ನ ಮಗನ ಬಾಯಿಗೆ ಇಟ್ಟಳು. "ಇಬ್ಬರೂ ನಮ್ಮನ್ನ ಗೆಲ್ಸ್ಯಾರ ನೋಡ್ರಿ ಅಕ್ಕಾರ" ಅಂದಳು. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ಪಟ್ಟವರಿಗೇ ಗೊತ್ತು. ಉರಿಯುವುದೂ ನಾವೇ, ಕೆಟ್ಟವರಾಗುವುದೂ ನಾವೇ.

ಬರೀ ಹೆಚ್ಚು ಕಡಿಮೆಯ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅಲ್ಲಿ ಒಂದು ಸೀಟು ಇತ್ತು. ನಮ್ಮ ಸಮಾಜದ ಹಿರಿಯರು ಧಾರವಾಡದಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಹಾಸ್ಟೆಲ್ ನಡೆಸುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಊಟ, ವಸತಿ, ಪಕ್ಕದ ಕಾಲೇಜಿನ ವಿಜ್ಞಾನ ವಿಭಾಗ ಎಲ್ಲವೂ ಬಿಟ್ಟಿ. ಅವರದೊಂದು ನಿಯಮ: ಒಂದು ರೇಷನ್ ಕಾರ್ಡಿಗೆ ಒಂದೇ ಸೀಟು. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರು ಮದುವೆಯಾದ ವರ್ಷವೇ ಕಾರ್ಡು ಬೇರೆ ಮಾಡಿಸಿಕೊಳ್ಳುತ್ತಾರೆ, ಒಂದೇ ಒಲೆಯ ಅಡುಗೆ ಉಂಡರೂ ಅಕ್ಕಿ ಎರಡು ಕಡೆಯಿಂದ ಬರುತ್ತದೆ. ನಮ್ಮ ಅತ್ತೆ ಮಾತ್ರ ಒಪ್ಪಿರಲಿಲ್ಲ. ಕಾರ್ಡು ಒಡೆದರೆ ಮನೆಯೂ ಒಡೆಯುತ್ತದೆ ಎಂಬುದು ಆಕೆಯ ಹಟ. ಆಕೆ ತೀರಿಹೋದ ಮೇಲೂ ಆ ಕಾರ್ಡಿಗೆ ಯಾರೂ ಕೈ ಹಚ್ಚಲಿಲ್ಲ. ಹತ್ತು ಜನ ಹೊಗಳುತ್ತಿದ್ದರಲ್ಲ, ಇನ್ನೂ ಕೂಡಿಯೇ ಇದ್ದಾರೆ ಎಂದು. ಆ ಹೊಗಳಿಕೆಗೆ ನಾನೂ ಉಬ್ಬಿದ್ದೆ.

ಹಾಸ್ಟೆಲ್ ಟ್ರಸ್ಟಿನ ಹಿರಿಯರು ಇರುವುದು ಗಜೇಂದ್ರಗಡದಲ್ಲಿ. ನಾನೂ ನೆಗೆಣ್ಣಿಯೂ ಕೂಡಿಯೇ ಹೋದೆವು. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ರೋಣದಲ್ಲಿ ಒಂದು ಸೀಟು ಖಾಲಿಯಾಯಿತು. "ನೀವು ಕುಂದ್ರಿ ಅಕ್ಕಾರ" ಎಂದು ಆಕೆ ನನ್ನನ್ನು ಕೂರಿಸಿ ತಾನು ನಿಂತಳು. ನಾನು ಕಿಟಕಿಯ ಹೊರಗೆ ಮುಖ ಮಾಡಿ ಕೂತೆ.

ಹಿರಿಯರು ಚಹಾ ಕುಡಿಸಿ ಇಬ್ಬರ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

"ಇಬ್ಬರೂ ಶಾಣ್ಯಾರ ಅದಾರವಾ. ಆದರ ಕಾರ್ಡ ಒಂದ ಐತಿ. ಯಾರಿಗೆ ಹೆಚ್ಚೈತಿ ಅವರಿಗೆ ಕೊಡೂದು ಮೊದಲಿಂದ ನಡಕೊಂಡು ಬಂದೈತಿ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಾವು ಪೇಪರ್ ಮತ್ತ ನೋಡಸ್ತೀವ್ರಿ. ನಮ್ಮ ಹುಡುಗಗ ಸಮಾಜ ವಿಜ್ಞಾನದಾಗ ಭಾಳ ಕಡಿಮಿ ಹಾಕ್ಯಾರ" ಅಂದುಬಿಟ್ಟೆ. ಮನೆಯಲ್ಲಿ ಯಾರೊಬ್ಬರ ಜೊತೆಗೂ ಆಡದ ಮಾತು ಅದು. ನೆಗೆಣ್ಣಿ ನನ್ನ ಕಡೆ ತಿರುಗಿ ನೋಡಿದಳು.

"ನೋಡಸ್ರಿ. ಅದರ ಫಲಿತಾಂಶ ಬರೂತನಕ ಸೀಟು ಹಂಗ ಇಡ್ತೀವಿ" ಎಂದರು ಹಿರಿಯರು.

ಮನೆಗೆ ಬಂದು ಮಗನಿಗೆ ಹೇಳಿದರೆ ಅವನು ಬೆಂಕಿ ತುಳಿದವನಂತೆ ಆಡಿದ. "ಬ್ಯಾಡವ್ವ. ಆಕಿ ಹೋಗಲಿ. ನಾ ಇಲ್ಲೇ ಕಾಲೇಜ್ ಕಲಿತೀನಿ" ಅಂದ. ಸಮಾಜ ವಿಜ್ಞಾನದಲ್ಲಿ ಅವನಿಗೆ ಎಂಬತ್ತಾರು. ಉಳಿದದ್ದೆಲ್ಲ ತೊಂಬತ್ತರ ಮೇಲೆ ಇರುವವನಿಗೆ ಇಲ್ಲಿ ಮಾತ್ರ ಯಾಕೆ ಹೀಗಾಯಿತು ಎಂದು ಕೇಳಿದರೆ ಚಪ್ಪಲಿ ಮೆಟ್ಟಿ ಗಿರಣಿಯ ಕಡೆ ಹೊರಟ. ಯಜಮಾನರದು ಇನ್ನೊಂದು ರಾಗ: ಮತ್ತೆ ನೋಡುವಾಗ ಇದ್ದದ್ದೂ ಇಳಿದರೆ? ಇಳಿದರೆ ಇಳಿದದ್ದೇ ಖಾಯಂ ಎಂದು ಯಾರೋ ಗಿರಣಿಯಲ್ಲಿ ಹೇಳಿದ್ದರಂತೆ, ಹಾಗೇನಿಲ್ಲ ಎಂದು ಇನ್ಯಾರೋ. ಮೊದಲು ಉತ್ತರಪತ್ರಿಕೆಯ ನಕಲು ತರಿಸಿ ನೋಡೋಣ, ತಪ್ಪು ಕಂಡರೆ ಮಾತ್ರ ಅರ್ಜಿ ಹಾಕೋಣ ಎಂದು ನಾನೇ ತೀರ್ಮಾನಿಸಿದೆ. ಮನೆಯಲ್ಲಿ ನಾಲ್ಕು ದಿನ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ನಕಲು ಬಂತು. ಮೊಬೈಲಿನಲ್ಲಿ ಅದನ್ನು ಓದುವುದು ನನ್ನ ಕಣ್ಣಿಗೆ ಆಗದ ಕೆಲಸ, ಕಂಪ್ಯೂಟರ್ ಅಂಗಡಿಗೆ ಹೋಗಿ ಕಾಗದದ ಮೇಲೆ ತೆಗೆಸಿದೆ. ಬರೆದ ಪುಟಗಳು ಮುಗಿದು ಒಂದು ಖಾಲಿ ಪುಟ ಬಂತು, ಅದರ ಮೇಲೆ ಉದ್ದಕ್ಕೆ ಕೆಂಪು ಗೀಟು. "ಸಾಕು ಬಿಡಪಾ, ಖಾಲಿ ಹಾಳಿ ತಗೊಂಡು ನಾ ಏನ ಮಾಡ್ಲಿ" ಎಂದು ಅಲ್ಲಿಗೇ ನಿಲ್ಲಿಸಿದೆ. ಗಿರಣಿಯವಳಿಗೆ ಹಿಡಿ ಹಿಟ್ಟು ನೆಲಕ್ಕೆ ಬಿದ್ದರೂ ಸಂಕಟ. ಆ ಬುದ್ಧಿಯನ್ನು ಅಲ್ಲಿಯೂ ತೋರಿಸಿದೆ.

ಆ ಕಾಗದಗಳನ್ನು ಹಿಡಿದು ನನ್ನ ತವರೂರು ರೋಣಕ್ಕೆ ಹೋದೆ. ಅಲ್ಲಿ ಅಣ್ಣನ ಪರಿಚಯದ ಒಬ್ಬ ಮಾಸ್ತರರು ಇದೇ ವಿಷಯ ಕಲಿಸುತ್ತಾರೆ. ಮನೆಗೆ ಬೀಗ. ಬೇಸಿಗೆ ಸೂಟಿಗೆ ಮಗಳ ಊರಿಗೆ ಹೋಗಿದ್ದಾರೆ ಎಂದರು ಪಕ್ಕದವರು. ಶಾಲೆಯವರು ಕೊಟ್ಟ ಇಪ್ಪತ್ತನ್ನೂ ಸೇರಿಸಿ ನಾನೇ ಅಂಕಗಳನ್ನು ಮೂರು ಸಲ ಕೂಡಿಸಿದೆ, ಮೂರು ಸಲವೂ ಎಂಬತ್ತಾರೇ ಬಂತು. ಬರೆದದ್ದು ಸರಿಯೋ ತಪ್ಪೋ ನನಗೆ ಹೇಗೆ ತಿಳಿಯಬೇಕು? ಅರ್ಜಿ ಹಾಕಲು ಮರುದಿನವೇ ಕೊನೆಯ ದಿನ.

ನಮ್ಮ ಮನೆಯಲ್ಲಿ ಆ ಪತ್ರಿಕೆಯನ್ನು ಓದಿ ತೂಗಬಲ್ಲವರು ಒಬ್ಬರೇ ಇದ್ದರು. ಸಮಾಜ ವಿಜ್ಞಾನದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ, ನನ್ನ ನೆಗೆಣ್ಣಿಯ ಮಗಳು.

ಕೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು. ಅವಳು ಮಾತ್ರ "ತಾ ದೊಡ್ಡವ್ವ, ನೋಡ್ತೀನಿ" ಎಂದು ಪಡಸಾಲೆಯಲ್ಲಿ ಕಾಲು ಮಡಚಿ ಕೂತಳು. ಪ್ರಶ್ನೆಪತ್ರಿಕೆ ಒಂದು ತೊಡೆಯ ಮೇಲೆ, ಇವನ ಕಾಗದಗಳು ಇನ್ನೊಂದರ ಮೇಲೆ. ನಾನು ಎದುರಿಗೆ ಬೆಳ್ಳುಳ್ಳಿ ಬಿಡಿಸುವ ನೆಪದಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ತಪ್ಪು ಕಂಡರೂ ಅವಳು ಹೇಳುವುದಿಲ್ಲ ಎಂದು ಮನಸ್ಸಿನಲ್ಲಿ ಖಚಿತ ಮಾಡಿಕೊಂಡಿದ್ದೆ. ಅವಳ ಜಾಗದಲ್ಲಿ ನಾನಿದ್ದರೆ ಹೇಳುತ್ತಿರಲಿಲ್ಲ, ಅದಕ್ಕೇ ಅಷ್ಟು ಖಚಿತವಾಗಿತ್ತು.

ಕೊನೆಯ ಹಾಳೆಯವರೆಗೂ ಹೋದಳು. ಮತ್ತೆ ಹಿಂದಕ್ಕೆ ಬಂದಳು.

"ದೊಡ್ಡವ್ವ, ಮೂವತ್ತೆರಡನೇದು ಎಲ್ಲೈತಿ?"

"ಬರದಿರಲಿಕ್ಕಿಲ್ಲ."

"ಬರದಾನ. ಪರೀಕ್ಷೆ ಮುಗಿಸಿ ಹೊರಗ ಬಂದಾಗ ನನಗ ಹೇಳ್ಯಾನ, ಅದನ್ನ ಕಡೀಕ ಬರದ್ಯಾ ಅಂತ. ಮೊಬೈಲ್‌ನ್ಯಾಗ ಪೂರಾ ಐತಲ್ಲ, ಕೊಡಿಲ್ಲೆ."

ಖಾಲಿ ಪುಟ ದಾಟಿ ಅವಳ ಬೆರಳು ಮುಂದಕ್ಕೆ ಹೋಯಿತು. ಅಲ್ಲಿತ್ತು. ಒಂದು ಪೂರ್ತಿ ಪುಟ, ನನ್ನ ಮಗನ ಕೋಳಿಕಾಲಿನ ಅಕ್ಷರ, ಅದರ ಮೇಲೆ ಕೆಂಪು ಶಾಯಿಯ ಒಂದು ಚುಕ್ಕೆಯೂ ಇಲ್ಲ. ಅವಸರದಲ್ಲಿ ನೋಡದೆ ಒಂದು ಪುಟ ಬಿಟ್ಟು ಬರೆದಿದ್ದ. ನೋಡಿದವರು ಖಾಲಿ ಪುಟಕ್ಕೆ ಗೀಟು ಎಳೆದು, ಮುಗಿಯಿತು ಎಂದು ಮುಚ್ಚಿದ್ದರು. ನಾನೂ ಅದನ್ನೇ ಮಾಡಿದ್ದೆನಲ್ಲ.

ಹುಡುಗಿ ಅದನ್ನು ಕೊನೆಯವರೆಗೂ ಓದಿದಳು.

"ಪೂರಾ ಬರೋಬ್ಬರಿ ಐತಿ. ನಾಲ್ಕು ಮಾರ್ಕ್ಸಿಂದು. ನಾಲ್ಕೂ ಬರ್ತಾವ" ಅಂದಳು. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಅವಂದು ಆರುನೂರಾ ಎರಡು ಆಕ್ಕಾವ" ಅಂದಳು.

ಅಷ್ಟರಲ್ಲಿ ನೆಗೆಣ್ಣಿ ಚಹಾ ತಂದಳು. ಮಗಳೇ ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ನೆಗೆಣ್ಣಿ ಕಪ್ಪು ಬಸಿಗಳನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. "ಹಂಗಾರ ಹಾಕ್ರಿ ಅಕ್ಕಾರ. ಬರದದ್ದಕ್ಕ ಬರಬೇಕಲ್ರಿ" ಎಂದು ಒಳಗೆ ಹೋದಳು. ಆಮೇಲೆ ನೋಡಿದರೆ, ಬೆಳಿಗ್ಗೆ ಒಗೆದು ಒಣಗಿಸಿದ ಬಟ್ಟೆಯನ್ನೇ ಹಿತ್ತಲಿನಲ್ಲಿ ಮತ್ತೆ ಕಲ್ಲಿಗೆ ಹಾಕಿ ಬಡಿಯುತ್ತಿದ್ದಳು. ಹೋಗಿ ಕೈ ಹಿಡಿಯಬೇಕು ಅನ್ನಿಸಿತು. ಹೋಗಲಿಲ್ಲ.

ಬೇಡ ಬಿಡು, ನೀನೇ ಹೋಗು ಎಂದು ಆ ಹುಡುಗಿಗೆ ಹೇಳುವ ದೊಡ್ಡತನ ನನಗೆ ಬರಲಿಲ್ಲ. ಬರುತ್ತದೇನೋ ಎಂದು ಒಂದಿಷ್ಟು ಹೊತ್ತು ಕಾದೆ ಕೂಡ. ಮರುದಿನ ಕಂಪ್ಯೂಟರ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅಲ್ಲಿ ಹೋಗಿ ನಿಂತಿದ್ದೆ.

ನಾಲ್ಕು ಅಂಕ ಬಂದವು. ಮೊಬೈಲಿನಲ್ಲಿ ಅದನ್ನೂ ಮೊದಲು ನೋಡಿದವಳು ಅವಳೇ, ಗಿರಣಿಯವರೆಗೆ ಓಡಿ ಬಂದು ಹೇಳಿದವಳೂ ಅವಳೇ. ಸೀಟು ನಮ್ಮ ಹುಡುಗನಿಗೆ ಆಯಿತು. ಅವಳು ನರಗುಂದದ ಕಾಲೇಜಿಗೆ ಸೇರಿದಳು. ಈಗ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಮೊದಲು ಮೂರು ಅಂಕಕ್ಕಾಗಿ ಉರಿಯುತ್ತಿದ್ದವಳು, ಈಗ ಅಂಥ ಮಗಳು ನೆಗೆಣ್ಣಿಯ ಹೊಟ್ಟೆಯಲ್ಲಿ ಹುಟ್ಟಿದಳಲ್ಲ ಎಂದು ಉರಿಯತೊಡಗಿದೆ. ಇದಕ್ಕೆ ಯಾವ ಆಫೀಸಿನಲ್ಲಿ ಅರ್ಜಿ ಹಾಕಬೇಕು?

ಗಿರಣಿ ಬಿಟ್ಟು ಯಜಮಾನರಿಗೆ ಬರಲಾಗಲಿಲ್ಲ, ಮಗನನ್ನು ಧಾರವಾಡಕ್ಕೆ ಬಿಡಲು ನಾನೇ ಹೊರಟೆ. ಟ್ರಂಕು, ಹಾಸಿಗೆ ಸುರುಳಿ, ನೆಗೆಣ್ಣಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಬಸ್ಸು ನವಲಗುಂದ ದಾಟುವವರೆಗೂ ಹಾಸ್ಟೆಲಿನಲ್ಲಿ ಹೇಗಿರಬೇಕು, ಯಾರ ಜೊತೆ ಸೇರಬೇಕು, ಸೇರಬಾರದು ಎಂದು ನಾನೊಬ್ಬಳೇ ಒದರುತ್ತಿದ್ದೆ.

"ಅವ್ವ," ಅಂದ ಅವನು, ನಡುವೆಯೇ. "ಮೂವತ್ತೆರಡನೇದು ನಾ ಬರದದ್ದು ನನಗ ನೆನಪಿತ್ತು. ಮಾರ್ಕ್ಸ ಬಂದ ದಿವಸನ ಅದಕ್ಕ ಹಾಕಿಲ್ಲೇನೋ ಅಂತ ಅನಿಸಿತ್ತು."

"ಮತ್ತ ಯಾಕ ಹೇಳಲಿಲ್ಲೋ?"

"ಹೇಳಿದ್ರ ನೀ ಬಿಡ್ತಿದ್ದೇನು?"

ನಾನು ಸೆರಗು ಸರಿ ಮಾಡಿಕೊಂಡೆ.

"ಆಕಿ ಡಾಕ್ಟರ್ ಆಗಬೇಕು ಅಂತಿದ್ಲು," ಅಂದ. "ನಾ ಏನಾಗಬೇಕು ಅಂತ ನೀ ಒಮ್ಮೆನೂ ಕೇಳಿಲ್ಲ."

ಕೇಳಿರಲಿಲ್ಲ. ಧಾರವಾಡ ಬರಲು ಇನ್ನೂ ಒಂದು ಗಂಟೆಯ ದಾರಿಯಿತ್ತು. ಆ ಒಂದು ಗಂಟೆಯಲ್ಲೂ ನಾನು ಕೇಳಲಿಲ್ಲ.