ನಾನೇ ಹಿತ್ತಲಿಗೆ ಇಟ್ಟ ಒಲೆ

ಸಿರಸಂಗಿ ಕಾಳಮ್ಮನನ್ನು ನಂಬಿದ ತಮ್ಮೆಲ್ಲರಿಗೆ ಕಟಕೋಳದ ಬಸಪ್ಪನ ಶರಣು. ನನಗೀಗ ಎಪ್ಪತ್ತೊಂದು ವರ್ಷ. ತಾಯಿ ನನಗೆ ಮಾಡಿದ ಉಪಕಾರ ಹೇಳಬೇಕಾದರೆ ಮೊದಲು ನನ್ನ ತಪ್ಪು ಹೇಳಬೇಕು. ಅದನ್ನು ಬಿಟ್ಟು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ.

ಕಳೆದ ಶ್ರಾವಣದಲ್ಲಿ ನನ್ನ ತಂಗಿ ಗಂಗವ್ವ ರೊಟ್ಟಿ ಬಡಿಯುತ್ತಿದ್ದವಳು ಉಸಿರು ಸಾಲದೆ ಗೋಡೆಗೆ ಒರಗಿದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಇಪ್ಪತ್ತು ವರ್ಷವಾಯಿತು. ಮಕ್ಕಳಿಲ್ಲ. ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಟ್ಟು ತನ್ನ ಹೊಟ್ಟೆ ತಾನೇ ಹೊರೆಯುತ್ತಾಳೆ. ರಾಮದುರ್ಗದ ಸರ್ಕಾರಿ ಆಸ್ಪತ್ರೆಯವರು ಚೀಟಿ ಬರೆದು ಧಾರವಾಡದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯದ ಕವಾಟ ಕೆಟ್ಟಿದೆ, ಎರಡು ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದರು ಅಲ್ಲಿಯ ಡಾಕ್ಟರು.

ಆರೋಗ್ಯ ಯೋಜನೆಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ನಮ್ಮ ರೇಷನ್ ಕಾರ್ಡು ನೋಡಿ ತಲೆ ಅಲ್ಲಾಡಿಸಿದಳು.

"ಅಜ್ಜಾರ, ಇದು ಎಪಿಎಲ್ ಐತ್ರಿ. ಬಿಪಿಎಲ್ ಇದ್ರ ಪೂರ್ತಾ ಸರ್ಕಾರದ್ದು. ಇದಕ್ಕ ಒಂದೀಟು ಅಷ್ಟ ಬರತೈತಿ, ಉಳಿದದ್ದು ನೀವ ಕಟ್ಟಬೇಕ್ರಿ."

"ಈಕಿ ರೊಟ್ಟಿ ಬಡದು ತಿನ್ನಾಕಿ ಐದಾಳವ್ವ. ಈಕಿ ಹತ್ರ ಏನೈತಿ?"

"ಖರೆ ಐತ್ರಿ. ಆದ್ರ ಈಕಿ ಹೆಸರು ನಿಮ್ಮ ಕಾರ್ಡಿನ್ಯಾಗ ಐತಿ. ನಿಮ್ಮ ಮನ್ಯಾಗ ಕಾರ್ ಐತಿ, ಹೊಲ ಬಾಳ ಐತಿ. ಸರ್ಕಾರ ಮನಿ ನೋಡತೈತ್ರಿ, ಒಬ್ಬೊಬ್ಬರನ್ನ ನೋಡೂದಿಲ್ಲ."

ತನ್ನ ಹೆಸರು ತೆಗೆಸಿ ಬೇರೆ ಕಾರ್ಡು ಮಾಡಿಸಿಕೊಡು ಎಂದು ಗಂಗವ್ವ ಹಿಂದೆ ಮೂರು ಸಲ ಕೇಳಿದ್ದಳು. ನಮ್ಮ ಮನೆತನದ ಹೆಣ್ಣುಮಗಳು ಬಡವರ ಕಾರ್ಡು ಹಿಡಿದು ರೇಷನ್ ಅಂಗಡಿಯ ಪಾಳಿಯಲ್ಲಿ ನಿಂತರೆ ನನ್ನ ಮರ್ಯಾದೆ ಏನಾಗಬೇಕು ಎಂದು ಮೂರೂ ಸಲ ಬೈದು ಕಳಿಸಿದ್ದೆ.

ತಿರುಗಿ ಬರುವಾಗ ಬಸ್ಸು ಸವದತ್ತಿ ದಾಟಿದ ಮೇಲೆ ಹೇಳಿದೆ: "ಎರಡೆಕರೆ ಮಾರತೇನಿ ಗಂಗಾ. ನೀ ಚಿಂತಿ ಮಾಡಬ್ಯಾಡ."

ಅವಳು ಕಿಟಕಿಯ ಹೊರಗೆ ನೋಡುತ್ತಲೇ ನಕ್ಕಳು. "ಬ್ಯಾಡಣ್ಣ. ನಿನ್ನ ಹೊಲದ ಮ್ಯಾಲ ನನ್ನ ಎದಿ ಬಡಕೊಳ್ಳೂದು ಬ್ಯಾಡ. ನನಗ ಬರೂದು ಏನರ ಇದ್ರ ನನ್ನ ಹೆಸರಿಲೆ ಬರಲಿ. ಇಲ್ಲಾಂದ್ರ ಇಷ್ಟು ದಿನ ಬಡಕೊಂಡಿದ್ದ ಸಾಕು."

ಯಾಕೆ ಹಾಗೆಂದಳೆಂದು ನನಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ನನ್ನ ಮೊಮ್ಮಗಳಿಗೆ ಹೆಸರಿಡುವ ದಿನ. ಕೂಸು ಅತ್ತಿತೆಂದು ಗಂಗವ್ವ ಎಲ್ಲರಿಗಿಂತ ಮೊದಲು ಹೋಗಿ ತೊಟ್ಟಿಲು ತೂಗಿದಳು. ಗಂಡನಿಲ್ಲದವಳು ಮೊದಲು ಕೈ ಹಚ್ಚಿದಳೆಂದು ಬೀಗರ ಕಡೆಯವರು ಗುಸುಗುಸು ಮಾಡಿದರು. ನಾನು ಅವರ ಬಾಯಿ ಮುಚ್ಚಿಸಬೇಕಿತ್ತು. "ಬೀಗರ ಮುಂದ ಮಾನ ಕಳದಿ. ಇವತ್ತಿನಿಂದ ನಿನ್ನ ಒಲಿ ಬ್ಯಾರೆ" ಎಂದು ತಂಗಿಯ ಮೇಲೆಯೇ ಹರಿಹಾಯ್ದೆ. ಅವಳ ರೊಟ್ಟಿ ಹಂಚು, ಹಿಟ್ಟಿನ ಡಬ್ಬಿ ಎರಡನ್ನೂ ಈ ಕೈಗಳಿಂದಲೇ ಒಯ್ದು ಹಿತ್ತಲ ಕೋಣೆಯಲ್ಲಿಟ್ಟೆ. ಊರವರು ಕೇಳಿದರೆ, "ಆಕೀದು ಶಿವಪೂಜಿ ನೇಮ ಬಾಳ. ತನ್ನ ಅಡಿಗಿ ತಾನ ಮಾಡ್ಕೋತಾಳ" ಎಂದೆ. ಗಂಗವ್ವ ಅದನ್ನು ಸುಳ್ಳೆನ್ನಲಿಲ್ಲ. ನನ್ನ ಮಾನ ಕಾಯ್ದಳು.

ರಾಮದುರ್ಗದ ಆಹಾರ ಇಲಾಖೆಯಲ್ಲಿ ವಿಚಾರಿಸಿದೆ. ಹೊಸ ಕಾರ್ಡು ಕೊಡುವುದು ನಿಂತಿತ್ತು. ಆಸ್ಪತ್ರೆಯ ಕಾಗದವಿದ್ದವರ ಅರ್ಜಿ ಮಾತ್ರ ತೆಗೆದುಕೊಳ್ಳುತ್ತಿದ್ದರು. ಬೇರೆ ಒಲೆ, ಬೇರೆ ಸಂಸಾರ ಇದೆಯೋ ಇಲ್ಲವೋ ಎಂದು ಸಾಹೇಬರು ಮನೆಗೆ ಬಂದು ನೋಡುತ್ತಾರೆ ಎಂದರು. ಗಂಗವ್ವನ ಹೆಸರಿನಲ್ಲಿ ಅರ್ಜಿ ಕೊಟ್ಟು ಬಂದೆ. ಮರುದಿನವೇ ಸಿರಸಂಗಿಗೆ ಹೋಗಿ ತಾಯಿಯ ಮುಂದೆ ಕೂತೆ. "ಆ ಸಾಹೇಬರ ಬಾಯಿಂದ ಆಗಲಿ ಅನ್ನಿಸವ್ವ, ನನ್ನ ತಂಗಿಯನ್ನು ಉಳಿಸು" ಎಂದು ಬೇಡಿಕೊಂಡೆ. ಅಲ್ಲಿಯೂ ನನ್ನ ತಪ್ಪಿನ ಸುದ್ದಿ ಎತ್ತಲಿಲ್ಲ.

ನಾಲ್ಕು ದಿನಕ್ಕೆ ಸಾಹೇಬರು ಬಂದರು. ಹಿತ್ತಲ ಕೋಣೆ, ಒಲೆ, ಡಬ್ಬಿ ಎಲ್ಲ ನೋಡಿದರು. ಓಣಿಯಲ್ಲಿ ಕೇಳಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಪಕ್ಕದ ಮನೆಯ ನೀಲವ್ವನೂ ಜೊತೆಗೆ ಬಂದಳು.

"ಎರಡು ಒಲಿ ಅದಾವ್ರಿ, ನೋಡಿದ್ನಿ. ಆದ್ರ ಓಣ್ಯಾಗೆಲ್ಲಾ ನೇಮಕ್ಕಂತ ಬ್ಯಾರೆ ಅಡಿಗಿ ಅಂತಾರಲ್ರಿ. ನೇಮಕ್ಕ ಒಲಿ ಬ್ಯಾರೆ ಇದ್ರ ಸಂಸಾರ ಬ್ಯಾರೆ ಅನ್ನಾಕ ಬರೂದಿಲ್ರಿ ಯಜಮಾನ್ರ" ಎಂದರು ಸಾಹೇಬರು.

"ಹೌದ್ರಿ ಸಾಹೇಬ್ರ, ಗಂಗಕ್ಕನ ನೇಮ ಅಂದ್ರ ಸಣ್ಣದಲ್ಲ" ಎಂದಳು ನೀಲವ್ವ. ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು.

ಸಾಹೇಬರು ಫೈಲು ಮುಚ್ಚಿದರು. ನನ್ನ ಸುಳ್ಳು ಊರೆಲ್ಲ ತಿರುಗಿ ಬಂದು ನನ್ನ ತಂಗಿಯ ಕೊರಳಿಗೇ ಬಿದ್ದಿತ್ತು. ಬಾಗಿಲಲ್ಲಿ ಗಂಗವ್ವ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಆಗಲೂ ಅವಳು ಬಾಯಿ ಬಿಡಲಿಲ್ಲ. ಅದನ್ನು ನೋಡಿದಾಗ ನನ್ನೊಳಗೆ ಏನಾಯಿತೋ ತಿಳಿಯದು. ತಾಯಿಯೇ ಬಂದು ನಿಂತಳೆಂದು ನಾನು ನಂಬಿದ್ದೇನೆ.

"ನೇಮ ಗೀಮ ಏನಿಲ್ರಿ. ನಾನ ಸುಳ್ಳು ಹೇಳೇನಿ. ಈಕೀನ ಹೊರಗ ಹಾಕಿದಾವ ನಾನ" ಎಂದೆ. ತೊಟ್ಟಿಲಿನಿಂದ ಹಿಡಿದು ಹಂಚಿನವರೆಗೆ ಎಲ್ಲ ಹೇಳಿದೆ. ನೀಲವ್ವ ಸೆರಗು ಬಾಯಿಗೆ ಹಿಡಿದಳು.

"ನಿಮ್ಮ ಮನ್ಯಾಗಿಂದ ಈಕಿಗೆ ಏನೂ ಕೊಡೂದಿಲ್ಲ?" ಎಂದು ಸಾಹೇಬರು ಕೇಳಿದರು.

"ಹನ್ನೊಂದು ವರ್ಷಾತ್ರಿ. ಒಂದು ಹಿಡಿ ಜ್ವಾಳ ಕೊಟ್ಟಿಲ್ಲ."

"ಇದನ್ನ ಬರದು ಸಹಿ ಮಾಡತೀರಿ?"

"ಮಾಡತೇನ್ರಿ."

ಬರೆಯುವಾಗ ನನ್ನ ಕಣ್ಣೀರು ಕಾಗದದ ಮೇಲೆ ಬಿತ್ತು. ಗಂಗವ್ವ ಹತ್ತಿರ ಬಂದು, "ಸಾಕು ಬಿಡಣ್ಣ, ಅಕ್ಷರ ಅಳಿಸತಾವು. ಸಾಹೇಬ್ರ ಚಹಾನೂ ಆರಾಕ ಹತ್ತೇತಿ" ಎಂದಳು. ಸಾಕ್ಷಿಗೆ ನೀಲವ್ವನೂ ಸಹಿ ಹಾಕಿದಳು.

ಕಾರ್ಡು ಬಂತು, ಅದರಲ್ಲಿ ಒಂದೇ ಹೆಸರು. ದಸರೆಗೆ ಮೊದಲೇ ಆಪರೇಷನ್ ಆಯಿತು. ನಮ್ಮ ಕೈಯಿಂದ ಹೋದದ್ದು ಬಸ್ಸಿನ ಖರ್ಚು, ನನ್ನ ಊಟದ ಖರ್ಚು ಅಷ್ಟೆ. ಐಸಿಯುವಿನಿಂದ ಹೊರಗೆ ಬಂದವಳು ನನ್ನನ್ನು ನೋಡಿ ಆಡಿದ ಮೊದಲ ಮಾತು, "ಉಂಡಿಯಣ್ಣ?"

ಮನೆಗೆ ಬಂದ ಮೇಲೆ ಅವಳ ಹಂಚು ಎತ್ತಿಕೊಂಡೆ. "ಒಳಗ ನಡಿ. ಒಲಿ ಒಂದ ಮಾಡೂನು" ಎಂದೆ.

"ಇಡು ಅದನ್ನ ಕೆಳಗ" ಎಂದು ನಕ್ಕಳು. "ಒಲಿ ಒಂದಾದ್ರ ಕಾರ್ಡ್ ಹೋಗತೈತಿ. ನಾಳೆ ಮತ್ತ ಎದಿ ಕೈ ಕೊಟ್ರ ಇನ್ನೊಂದ ಸಲ ಬೀಗರನ್ನ ಕರದು ಜಗಳಾ ಮಾಡಾಂವ ಏನ? ನಾ ಇಲ್ಲೇ ಇರತೇನಿ. ನಿನಗ ಹಸಿವಾದ್ರ ನೀನ ಬಾ."

ನಾನು ಮಾಡಿದ್ದನ್ನು ಅಳಿಸಿಹಾಕಲು ತಾಯಿ ನನಗೆ ದಾರಿ ಕೊಡಲಿಲ್ಲ. ಅದು ಸರಿಯೇ. ಸೋಮವಾರಕ್ಕೊಮ್ಮೆ ಒಂದು ಸಿವುಡು ಮೆಂತ್ಯ ಸೊಪ್ಪು ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, "ಬರ್ಲೇನವ್ವ?" ಎಂದು ಕೇಳಿಯೇ ಒಳಗೆ ಕಾಲಿಡುತ್ತೇನೆ.

"ದೊಡ್ಡ ಮನಿ ಬೀಗರು ಬಂದ್ರು. ಕುಂದರ್ರಿ" ಎಂದು ಚೇಷ್ಟೆ ಮಾಡುತ್ತಾಳೆ. ಮೊದಲ ಬಿಸಿ ರೊಟ್ಟಿ ನನ್ನ ತಾಟಿಗೆ ಬೀಳುತ್ತದೆ.

ಕಾಳಮ್ಮ ತಾಯಿ, ಸಾಹೇಬರ ಬಾಯಿ ತೆರೆಸೆಂದು ಬೇಡಿದ್ದೆ; ನೀನು ನನ್ನ ಬಾಯಿ ತೆರೆಸಿದೆ. ಇನ್ನು ಬೇಡುವುದು ಒಂದೇ. ಆ ಹಂಚಿನ ಬಿಸಿ ಆರದಿರಲಿ.