ಬೀಜದ ಸೋರೆಕಾಯಿ ಮತ್ತು ಪಟ್ಟೆ ರೆಕ್ಕೆಯ ನೊಣ

...ಅಥವಾ ಆ ನೊಣ ಸೋರೆಕಾಯಿಯ ಮೇಲೆ ಕೂತೇ ಇರಲಿಲ್ಲವೇನೋ. ಪಕ್ಕದ ಎಲೆಯ ಮೇಲಿದ್ದುದನ್ನು ಆಮೇಲೆ ನೆನಪಿನಲ್ಲಿ ನಾನೇ ಕಾಯಿಯ ಮೇಲೆ ತಂದು ಕೂರಿಸಿಕೊಂಡಿರಬೇಕು. ಹೋದ ವರ್ಷದ ಮಾತೇ ಆದರೂ ಆ ಬೆಳಕು ಬೆಳಗಿನದೋ ಸಂಜೆಯದೋ ಹೇಳಲಾರೆ. ನೊಣ ಮಾತ್ರ ಸ್ಪಷ್ಟವಾಗಿದೆ: ಗಾಜಿನಂಥ ರೆಕ್ಕೆ, ಅದರ ಮೇಲೆ ಮಸಿಯಲ್ಲಿ ಎಳೆದಂಥ ಪಟ್ಟೆ. ಸ್ವಲ್ಪ ನಡೆಯುವುದು, ನಿಲ್ಲುವುದು, ಒಂದು ರೆಕ್ಕೆಯನ್ನು ನಿಧಾನವಾಗಿ ತೆರೆದು ಮಡಚುವುದು, ಆಮೇಲೆ ಇನ್ನೊಂದನ್ನು. ಹಾರುವ ಆತುರವೇ ಇಲ್ಲ.

ಮಳವಳ್ಳಿ ಕಡೆ ನಮ್ಮ ದೊಡ್ಡಮ್ಮನ ಹಿತ್ತಲಿನ ಚಪ್ಪರ ಅದು. ಪೂರಿಗಾಲಿಯ ತವರಿನಿಂದ ಅವರು ತಂದ ಸೋರೆಯ ತಳಿ ಈಗ ತವರಿನಲ್ಲೂ ಉಳಿದಿಲ್ಲ. ಆ ಸಲ ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟದ್ದು ಒಂದೇ ಕಾಯಿ. ಅದಕ್ಕೆ ಹುಳು ಬಿದ್ದರೆ ತಳಿಯೇ ಮುಗಿಯಿತು.

"ಕಾಯಿ ಕುಕ್ಕಿ ಒಳಕ್ಕೆ ಮೊಟ್ಟೆ ಇಕ್ಕೋದು ಇದೇ ಕಣವ್ವ," ಅಂದರು ದೊಡ್ಡಮ್ಮ. "ಸೆರಗು ಬೀಸ್ಕಂಡು ಎಂಗ್ ಓಡಾಡ್ತದೆ ನೋಡು, ಬೀಗಿತ್ತಿ ಬಂದಂಗೆ."

ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿಂದ ತೆಗೆದ ನೊರೆಯನ್ನು ತೆಂಗಿನ ಚಿಪ್ಪಿನಲ್ಲಿ ತಂದು ಚಪ್ಪರದ ಕಂಬಕ್ಕೆ ಕಟ್ಟಿದರು. ಸಿಹಿ ಸಿಕ್ಕರೆ ನೊಣ ಕಾಯಿಯ ಗೊಡವೆಗೆ ಬರುವುದಿಲ್ಲವೆಂದು ಅವರ ಲೆಕ್ಕ. ನೊರೆ ಹುಳಿಯಾಯಿತು. ತಿಪ್ಪೆಯಲ್ಲಿದ್ದ ನೊಣಗಳೆಲ್ಲ ಎದ್ದು ಬಂದವು. ಚಿಪ್ಪಿನ ಅಂಚಿನಲ್ಲಿ ಎರಡೆರಡು ಎದುರುಬದುರು ನಿಂತು, ಬಾಯಿಗೆ ಬಾಯಿ ತಾಗಿಸಿ, ರೆಕ್ಕೆ ಆಡಿಸುತ್ತಿದ್ದವು. ನೋಡುತ್ತ ನನಗೆ ನಿದ್ದೆ ಬರುವಂತಾಗುತ್ತಿತ್ತು.

ಬೇಲಿಯಾಚೆಯ ಪಕ್ಕದ ಮನೆಯಾಕೆ ನಕ್ಕಳು. "ಅಕ್ಕೋ, ನೆಂಟ್ರನ್ನ ಓಡ್ಸಕ್ಕೆ ಒಬ್ಬಟ್ಟು ಮಾಡ್ದಂಗಾಯ್ತಲ್ಲ ನಿಂದು."

"ನಿನ್ ಬಾಯ್ಗೂ ಒಂದ್ ಚಿಪ್ಪು ಕಟ್ತೀನಿ, ಸುಮ್ಕಿರು," ಅಂದ ದೊಡ್ಡಮ್ಮ ಚಿಪ್ಪನ್ನು ಬಿಚ್ಚಿ ದೂರ ಎಸೆದರು. ತಮ್ಮ ಹಳೆಯ ಸೀರೆ ಹರಿದು ಕಾಯಿಗೆ ಸುತ್ತಿದರು. ಬಳ್ಳಿ ಒಣಗುವವರೆಗೂ ಅದು ಚಪ್ಪರದಡಿ ತೊಟ್ಟಿಲಿನ ಮಗುವಿನಂತೆ ತೂಗುತ್ತಿತ್ತು.

ಇಂಥ ನೊಣಗಳು ಬಹುಪಾಲು ಕೊಳೆತದ್ದರಲ್ಲೇ ಬೆಳೆಯುತ್ತವೆ, ಒಳ್ಳೆಯ ಕಾಯಿಯನ್ನು ಮುಟ್ಟುವುದಿಲ್ಲ ಎಂದು ಆಮೇಲೆ ಓದಿದೆ. ಆದರೆ ಕಾಯಿ ಕುಕ್ಕುವ ನೊಣದ ರೆಕ್ಕೆಯಲ್ಲೂ ಪಟ್ಟೆ ಇರುತ್ತದಂತೆ. ಅಂದು ನೋಡಿದ್ದು ಯಾವುದು? ಅಲ್ಲಿಂದಾಚೆಗೆ ಮದ್ದೂರಿನ ಬಸ್ ನಿಲ್ದಾಣದ ಬಳಿ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ, ಮಂಡ್ಯದ ನಮ್ಮ ಅಡುಗೆಮನೆಯ ಕಸದ ಬಕೆಟ್ಟಿನ ಅಂಚಿನಲ್ಲಿ, ಅದೇ ನಿಧಾನದ ರೆಕ್ಕೆ ಕಾಣುತ್ತದೆ. ಅದು ಹೊಸದಾಗಿ ಬಂದದ್ದೋ, ಮೊದಲಿನಿಂದಲೂ ಇದ್ದು ನಾನು ನೋಡದೆ ಹೋದದ್ದೋ.

ಕಾಯಿ ಈಗ ದೊಡ್ಡಮ್ಮನ ಒಲೆಯ ಮೇಲೆ, ಹೊಗೆಯಲ್ಲಿ ತೂಗುತ್ತಿದೆ. ಬಿತ್ತನೆಯ ಮಳೆ ಬರುವವರೆಗೆ ಅದನ್ನು ಒಡೆಯುವಂತಿಲ್ಲ. ಮೊನ್ನೆ ಹೋದಾಗ ಕೆಳಗಿಳಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಕಾಯಿಯ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಕಲೆಯೊಂದಿತ್ತು.

"ಕೇಳ್ತಾ?"

"ಕೇಳ್ತು ದೊಡ್ಡಮ್ಮ."

ಗಲಗಲ ಸದ್ದು ಕೇಳಿದ್ದಂತೂ ನಿಜ. ಒಳಗಿರುವುದು ಮೊಳೆಯುವ ಬೀಜವೋ, ಹುಳು ತಿಂದುಳಿದ ಸಿಪ್ಪೆಯೋ, ನನಗೆ ಗೊತ್ತಿಲ್ಲ.